ಕೊಡಲಿಯ ಕಾವು ತಿರುಗಿಸುವಾಗ

ನೋವು ಕಡಿಯುವುದರಲ್ಲಿಲ್ಲ, ತಿರುಗಿಸುವುದರಲ್ಲಿದೆ.
ಕೊಡಲಿಯ ಬಾಯಿ ಕಾರ್ಕ್ ಮರದ ತೊಗಟೆಗೆ ಇಳಿದ ಮೇಲೆ
ಮಣಿಕಟ್ಟನ್ನು ಒಂದಿಷ್ಟೇ ಹೊರಳಿಸಬೇಕು,
ತುಕ್ಕು ಹಿಡಿದ ಬೀಗದಲ್ಲಿ ಕೀಲಿ ಹೊರಳಿಸಿದ ಹಾಗೆ.
ಆಗ ಮರ ಮಾತಾಡುತ್ತದೆ.
ಬಿಡಲು ಒಪ್ಪಿದ್ದರೆ ಟೊಳ್ಳು ಸದ್ದು,
ಒಪ್ಪದಿದ್ದರೆ ಒಣ ಟಕ್.

ಅಲೆಂತೇಜುವಿನ ದಿಬ್ಬಗಳಲ್ಲಿ ಮೂವತ್ತೊಂದು ಬೇಸಗೆ.
ಮರ ಎಷ್ಟು, ಹೊರಳು ಎಷ್ಟು ಎಂದು
ಜೊತೆಗಾರ ಕುಶ್ತೋದಿಯು ಒಂದು ಸಂಜೆ ಲೆಕ್ಕಕ್ಕೆ ಕೂತ.
ವೈನು ಮುಗಿಯಿತು, ಲೆಕ್ಕ ಮುಗಿಯಲಿಲ್ಲ.
ಲೆಕ್ಕ ಇಟ್ಟಿದ್ದು ಮೊಣಕೈ.

ಮೊದಲು ಕಾಫಿ ಪಾತ್ರೆ ಭಾರವಾಯಿತು.
ಆಮೇಲೆ ಒದ್ದೆ ಅಂಗಿ ಹಿಂಡಲಾಗಲಿಲ್ಲ.
ಆಮೇಲೆ ಅದೆಲೀನುವಿನ ಮಣ್ಣು.
ಆ ಮೇಸ್ತ್ರಿ ನನ್ನ ಎರಡು ದಿನದ ಕೂಲಿ ನುಂಗಿದವನು,
ಅತ್ತು ಕಳಿಸುವಷ್ಟು ಋಣ ನಮ್ಮಲ್ಲಿರಲಿಲ್ಲ.
ಅವನ ಮಗ ಬಂದು ಕೈ ಹಿಡಿದು ಕುಲುಕಿದ.
ಮೊಣಕೈಯ ಒಳಗೆಣ್ಣಿಂದ ಕಿರುಬೆರಳಿನ ಕಡೆಗೆ
ಕಾದ ತಂತಿಯೊಂದು ಹರಿಯಿತು, ಕಣ್ಣು ತುಂಬಿತು.
ವಿಧವೆ ನನ್ನ ಭುಜ ತಟ್ಟಿದಳು:
‘ನಿನ್ನಷ್ಟು ಯಾರೂ ಅವನನ್ನು ಹಚ್ಚಿಕೊಂಡಿರಲಿಲ್ಲ, ಬೆಲ್ಮೀರು.’

ಗೂಳಿಕಾಳಗದ ಅಂಗಳದ ಹಿಂದೆ ಆಸ್ಪತ್ರೆ,
ಅಲ್ಲಿ ಗ್ರಾಸಾ ಎಂಬ ಫಿಸಿಯೋ, ನನ್ನ ಮಗಳಿಗಿಂತ ಚಿಕ್ಕವಳು.
ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು.
ನಾನು ಹೇಳಬಾರದ್ದನ್ನು ಹೇಳಿದೆ.
‘ಸರಿ, ಸಿಕ್ಕಿತು’ ಅಂದಳು.
ಉಂಗುರಬೆರಳು, ಕಿರುಬೆರಳು ಜುಮ್ಮೆನ್ನುತ್ತವೆಯೇ? ಇಲ್ಲ.
ಹಾಗಾದರೆ ನರಕ್ಕಿನ್ನೂ ಸುದ್ದಿ ಮುಟ್ಟಿಲ್ಲ.
ಮೇಜಿನ ಸೆಳೆಯಿಂದ ಹಳೆ ಹಗ್ಗದ ತುಂಡೊಂದು ತೆಗೆದು
ಬಿಚ್ಚಿ ತೋರಿಸಿದಳು: ಎಳೆ ಎಳೆ, ಕೂದಲು ಎದ್ದ ಹಾಗೆ.
ಬೆರಳು ಮಡಿಸುವ, ಮಣಿಕಟ್ಟು ಬಗ್ಗಿಸುವ ಸ್ನಾಯುಗಳೆಲ್ಲ
ಹಗ್ಗವಾಗಿ ಬಂದು ಕಟ್ಟಿಕೊಳ್ಳುವ ಗೂಟ ಈ ಗೆಣ್ಣು.
ಇದು ಬರೀ ಊತವಲ್ಲ, ಸವೆತ.
ರಿಪೇರಿಯವನು ಬರುವ ಮೊದಲೇ ಮತ್ತೆ ಎಳೆದಿದ್ದೀರಿ,
ದಿನಾ, ಮೂವತ್ತೊಂದು ವರ್ಷ.

ಸೂಜಿ ಕೊಡಿ, ಕುಶ್ತೋದಿಯುವಿಗೆ ಕೊಟ್ಟಿದ್ದರು, ಅಂದೆ.
ಕೊಟ್ಟಿದ್ದರು. ಆರು ವಾರ ಹಾರಾಡಿದ,
ಏಳನೆಯದರಲ್ಲಿ ಚಮಚ ಬಿಟ್ಟ.
ಮೊಣಕೈಗೆ ಹಚ್ಚಿದ ಬೆಲ್ಲ ಅದು,
ವಾಸನೆ ಬರುತ್ತದೆ, ನಾಲಿಗೆಗೆ ಎಟುಕುವುದಿಲ್ಲ.

ಹಾಗಾದರೆ ಕೈ ಜೋಳಿಗೆಗೆ ಹಾಕಿ ಕೂತಿರಲೇ?
ಅದೂ ಬೇಡವಂತೆ.
ಕೂತ ಹಗ್ಗಕ್ಕೆ ಬಲ ಬರುವುದಿಲ್ಲ.
ಕೊಡಲಿ ಈ ಬೇಸಗೆ ನೆಲೀತುವಿಗೆ,
ನಿಮಗೆ ಒಂದು ಕಿಲೋ.

ಅಂಗೈ ಮೇಲೆ, ಮುಂಗೈ ಮೇಜಿನ ಮೇಲೆ,
ಮಣಿಕಟ್ಟು ಅಂಚಿನಾಚೆ.
ಎತ್ತುವುದಕ್ಕೆ ಎಡಗೈ ಆಸರೆ, ಇಳಿಸುವುದು ಬಲಗೈ ಒಂದೇ,
ನಾಲ್ಕು ಎಣಿಸುತ್ತ. ಹದಿನೈದು ಸಲ, ಮೂರು ಸರದಿ.
ತುಸು ನೋಯಲಿ, ಮರುದಿನ ಬೆಳಗ್ಗೆಗೆ ಉಳಿಯಬಾರದು.
ಆಮೇಲೆ ಸುತ್ತಿಗೆಯ ಹಿಡಿ ಹಿಡಿದು
ಅದೇ ಹಳೆಯ ಹೊರಳು, ಬಸವನಹುಳುವಿನ ವೇಗದಲ್ಲಿ.
ಜೋರಾಗಿ ಎತ್ತಿದ್ದಕ್ಕೆ ಜನ ಕೂಲಿ ಕೊಟ್ಟಿದ್ದಾರೆ.
ನಿಧಾನವಾಗಿ ಇಳಿಸಿದ್ದಕ್ಕೆ
ಯಾರೂ ಒಂದು ಕಾಸು ಕೊಟ್ಟವರಲ್ಲ.
ಎಷ್ಟು ದಿನ? ಅವಳು ದಿನ ಅನ್ನಲಿಲ್ಲ, ತಿಂಗಳು ಅಂದಳು,
ಬಹುವಚನದಲ್ಲಿ.

ಜುಲೈ. ನೆಲೀತು ಸುಲಿಯುತ್ತಾನೆ,
ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಕಾವು ಹಿಡಿದು.
ಹಕ್ಕಿಮರಿ ಹಿಡಿದ ಹಾಗೆ ಹಿಡಿಯೋ, ಎಂದು ಕೂಗುತ್ತೇನೆ.
ಅವನು ನಗುತ್ತಾನೆ. ಅವನ ಮೊಣಕೈಗೆ ಇಪ್ಪತ್ತೆರಡು ವರ್ಷ.
ನನ್ನ ಕೆಲಸ ಈಗ ಡಬ್ಬಿ, ಬ್ರಷ್ಷು:
ಹಸಿ ಕೆಂಪು ಬರಿಮೈ ಕಾಂಡದ ಮೇಲೆ
ಇಸವಿಯ ಕೊನೆಯ ಅಂಕಿ, ಬಿಳಿಯಲ್ಲಿ.
ಒಂಬತ್ತು ವರ್ಷ ಯಾರೂ ಇದನ್ನು ಮುಟ್ಟುವಂತಿಲ್ಲ,
ಲೋಕದ ಎಲ್ಲ ಸೀಸೆಗಳೂ ಬಿರಡೆಗೆ ಬಾಯಿ ಬಿಟ್ಟು ನಿಂತರೂ.
ಒಂದು ಮಧ್ಯಾಹ್ನ, ಯಾರೂ ನೋಡದಾಗ,
ನನ್ನ ಮುಂಗೈ ಮೇಲೂ ಸಣ್ಣದಾಗಿ ಬರೆದುಕೊಂಡೆ.
ಬೆವರಿಗೆ ಸಂಜೆಯೊಳಗೆ ಅಳಿಸಿತು.

ರಾತ್ರಿ ಆಲಿವ್ ಎಣ್ಣೆಯ ಸಣ್ಣ ಡಬ್ಬಿ ಹಿಡಿದು ಕೂರುತ್ತೇನೆ.
ಒಲೆ ಮುಂದಿನಿಂದ ಫೆಲಿಜ್ಮಿನಾ ಎಣಿಸುತ್ತಾಳೆ:
ಒಂದು, ಎರಡು,
ಮೂರುನಾಲ್ಕು. ಅವರೆ ತಳ ಹಿಡಿಯುತ್ತಿದೆ.
ಮತ್ತೆ ಎಣಿಸು, ಅನ್ನುತ್ತೇನೆ,
ಡಬ್ಬಿ ಇನ್ನೂ ಅರ್ಧ ದಾರಿಯಲ್ಲಿದೆ.